ಆನ್‌ಲೈನ್ ಪದವಿ ಕೋರ್ಸುಗಳಲ್ಲಿ ಬಹುಮಾಧ್ಯಮ ಚರ್ಚಾ ಸಾಧನಗಳ ಬಳಕೆ: ಕೆ.ಆರ್.ಎಸ್. ಸುತ್ತಲಿನ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಿಂದ ಆನ್‌ಲೈನ್ ವಿಧಾನದ ಪದವಿ, ಸ್ನಾತಕೋತ್ತರ ಪದವಿ ಅಥವಾ ಬಿಡಿ ಕೋರ್ಸುಗಳಿಗೆ ಅರ್ಜಿ ಸಲ್ಲಿಸಬಯಸುವವರು ಮೊದಲು ವಿಚಾರಿಸುವುದು ಶುಲ್ಕವೆಷ್ಟು, ಮಾನ್ಯತೆ ಇದೆಯೇ, ಪರೀಕ್ಷಾ ಕೇಂದ್ರ ಎಲ್ಲಿ ಎಂಬ ಮೂರು ಸಂಗತಿಗಳನ್ನು. ಇವು ಅಗತ್ಯವಾದ ಪ್ರಶ್ನೆಗಳೇ ಸರಿ. ಆದರೆ ನಾಲ್ಕನೆಯ ಪ್ರಶ್ನೆಯೊಂದು ಕೇಳದೆಯೇ ಉಳಿದುಹೋಗುತ್ತದೆ: ಪಾಠ ಅರ್ಥವಾಗದಿದ್ದಲ್ಲಿ ಯಾರನ್ನು, ಯಾವ ವೇಳೆಯಲ್ಲಿ, ಯಾವ ಸಾಧನದ ಮೂಲಕ ಕೇಳಬೇಕು? ಸಹಪಾಠಿಗಳೊಡನೆ ಚರ್ಚಿಸುವುದು ಹೇಗೆ? ಆ ಚರ್ಚೆಗೆ ಅಂಕವಿದೆಯೇ? ಇದಕ್ಕೆ ಉತ್ತರ ತಿಳಿಯದೆ ಶುಲ್ಕ ಪಾವತಿಸಿದವರು ಪಾಠಗಳ ದೃಶ್ಯಮುದ್ರಿಕೆಗಳನ್ನು ಒಬ್ಬರೇ ನೋಡುತ್ತ, ಸಂದೇಹಗಳನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು, ನಡುವೆಯೇ ಕೋರ್ಸನ್ನು ಕೈಬಿಡುವ ಸಂಭವ ಹೆಚ್ಚು. ಹಾಗಾದಲ್ಲಿ ನಷ್ಟವಾಗುವುದು ಶುಲ್ಕ ಮಾತ್ರವಲ್ಲ, ವಿದ್ಯಾರ್ಥಿಯ ಒಂದು ವರ್ಷವೂ ಹೌದು.

ಬಹುಮಾಧ್ಯಮ ಚರ್ಚಾ ಸಾಧನ ಎಂದರೆ ಬರವಣಿಗೆಯ ಜೊತೆಗೆ ಧ್ವನಿ, ಛಾಯಾಚಿತ್ರ, ರೇಖಾಚಿತ್ರ ಹಾಗೂ ದೃಶ್ಯಮುದ್ರಿಕೆಗಳ ಮೂಲಕ ಪ್ರಶ್ನೆ ಕೇಳಲು ಮತ್ತು ಉತ್ತರ ನೀಡಲು ಅವಕಾಶವಿರುವ ತಂತ್ರಾಂಶ. ಗೂಗಲ್ ಮೀಟ್, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್ ಇವು ನೇರ ಮಾತುಕತೆಗೆ ಬಳಕೆಯಾಗುತ್ತವೆ. ಗೂಗಲ್ ಕ್ಲಾಸ್‌ರೂಮ್, ಮೂಡಲ್ ಮುಂತಾದವುಗಳಲ್ಲಿ ಧ್ವನಿ ಹಾಗೂ ಚಿತ್ರದ ಕಡತಗಳನ್ನು ಸಲ್ಲಿಸಬಹುದು. ಅಮೆರಿಕದ ಕಾಲೇಜುಗಳಲ್ಲಿ 2007ರಿಂದ ಬಳಕೆಗೆ ಬಂದ ವಾಯ್ಸ್‌ಥ್ರೆಡ್‌ನಂತಹ ಸಾಧನಗಳಲ್ಲಿ ಒಂದು ಚಿತ್ರವನ್ನು ನಡುವೆ ಇರಿಸಿ, ಅದರ ಸುತ್ತ ಪ್ರತಿಯೊಬ್ಬರೂ ತಮ್ಮ ಧ್ವನಿಯಲ್ಲಿ ಅಭಿಪ್ರಾಯ ಸೇರಿಸುತ್ತ ಹೋಗುವ ವ್ಯವಸ್ಥೆ ಇದೆ. ನಮ್ಮಲ್ಲಿ ಬೇರೆ ವ್ಯವಸ್ಥೆ ಇಲ್ಲದ ಕಡೆ ವಾಟ್ಸ್‌ಆ್ಯಪ್ ಗುಂಪಿನ ಧ್ವನಿ ಸಂದೇಶವೂ ಇದೇ ಕೆಲಸವನ್ನು ಮಾಡುತ್ತದೆ.

ನೋಡುವ ಕೇಂದ್ರ, ಮಾತನಾಡುವ ಕೇಂದ್ರ

ದೂರದಿಂದ ಕಲಿಯುವುದು ಈ ಭಾಗಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ಸಂಸ್ಥೆಯ ನೆಲೆಯ ಮೇಲೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. ಅಂಚೆಯ ಕಾಲದಲ್ಲಿ ಪಾಠ ಮನೆಗೆ ಬರುತ್ತಿತ್ತು. ಪ್ರಶ್ನೆಯನ್ನು ಮಾತ್ರ ಸಂಪರ್ಕ ತರಗತಿಯವರೆಗೆ ಕಾಯ್ದಿರಿಸಬೇಕಾಗಿತ್ತು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಉಡಾವಣೆಯಾದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಭಾರತ ರೂಪಿಸಿದ ಮೊದಲ ಉಪಗ್ರಹ. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ವಿಶ್ವವಿದ್ಯಾನಿಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಎಜುಸ್ಯಾಟ್ ಜಾಲದಲ್ಲಿ ಎರಡು ಬಗೆಯ ಕೇಂದ್ರಗಳಿದ್ದವು. ಒಂದು ಬಗೆಯ ಕೇಂದ್ರದಲ್ಲಿ ಪಾಠವನ್ನು ನೋಡಲು ಮಾತ್ರ ಸಾಧ್ಯವಿತ್ತು. ಇನ್ನೊಂದರಲ್ಲಿ ವಿದ್ಯಾರ್ಥಿಯು ಮರುಮಾತನಾಡಿ ಅಧ್ಯಾಪಕರನ್ನು ಪ್ರಶ್ನಿಸಬಹುದಾಗಿತ್ತು. 2010ರಲ್ಲಿ ಆ ಉಪಗ್ರಹದ ಸೇವೆ ಕೊನೆಗೊಂಡಿತಾದರೂ ಈ ಎರಡು ಬಗೆಯ ಭೇದ ಇಂದಿಗೂ ಉಳಿದಿದೆ. ಇಂದು ಜಾಹೀರಾತಾಗುವ ಆನ್‌ಲೈನ್ ಕೋರ್ಸುಗಳಲ್ಲಿಯೂ ಕೆಲವು ನೋಡುವ ಕೇಂದ್ರಗಳು, ಕೆಲವು ಮಾತನಾಡುವ ಕೇಂದ್ರಗಳು. ಅರ್ಜಿದಾರರು ತಾವು ಯಾವುದಕ್ಕೆ ಸೇರುತ್ತಿದ್ದೇವೆ ಎಂಬುದನ್ನು ಮುಂಚಿತವಾಗಿ ತಿಳಿಯತಕ್ಕದ್ದು.

2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸ್ವಯಂ ಯೋಜನೆಯ ಕೋರ್ಸುಗಳನ್ನು ನಾಲ್ಕು ಅಂಗಗಳಲ್ಲಿ ರೂಪಿಸಲಾಗಿದೆ: ದೃಶ್ಯ ಪಾಠ, ಓದುವ ಸಾಮಗ್ರಿ, ಸ್ವಯಂ ಮೌಲ್ಯಮಾಪನ ಹಾಗೂ ಸಂದೇಹ ನಿವಾರಣೆಯ ಚರ್ಚೆ. ಚರ್ಚೆಯು ಇಲ್ಲಿ ಮೇಲುಸೇರ್ಪಡೆಯಲ್ಲ, ಕೋರ್ಸಿನ ನಾಲ್ಕನೆಯ ಒಂದು ಭಾಗ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಕಾಲೇಜು ಶಿಕ್ಷಣ ಇಲಾಖೆಯು ಜ್ಞಾನನಿಧಿ ಯೂಟ್ಯೂಬ್ ವಾಹಿನಿಯ ಮೂಲಕ ಪಾಠಗಳನ್ನು ಒದಗಿಸಿತು. 2021ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು, ಇಂಜಿನಿಯರಿಂಗ್ ಕಾಲೇಜುಗಳು ಹಾಗೂ ಪಾಲಿಟೆಕ್ನಿಕ್‌ಗಳಿಗಾಗಿ ಕರ್ನಾಟಕ ಎಲ್.ಎಂ.ಎಸ್. ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆ ಚಾಲನೆಗೊಂಡಿತು. ಆ ಎರಡು ವರ್ಷಗಳಲ್ಲಿ ರಾಜ್ಯದ ಬಹುತೇಕ ಪದವಿ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠದ ಅನುಭವವಾಯಿತು. ಆನ್‌ಲೈನ್ ಚರ್ಚೆಯ ಅನುಭವ ಅಷ್ಟೇ ಜನರಿಗೆ ಆಯಿತೆಂದು ಹೇಳಲಾಗದು.

ನೇರ ಚರ್ಚೆಯೋ, ಮುದ್ರಿತ ಚರ್ಚೆಯೋ

ನೇರ ಚರ್ಚೆಯಲ್ಲಿ ಎಲ್ಲರೂ ಒಂದೇ ವೇಳೆಗೆ ಹಾಜರಿರಬೇಕು. ಮುದ್ರಿತ ಚರ್ಚೆಯಲ್ಲಿ ಪ್ರಶ್ನೆಯನ್ನು ಸೋಮವಾರ ಹಾಕಿದರೆ, ಗುರುವಾರದೊಳಗೆ ತಮಗೆ ಅನುಕೂಲವಾದ ವೇಳೆಯಲ್ಲಿ ಉತ್ತರವನ್ನು ಧ್ವನಿಯಲ್ಲಿ ಅಥವಾ ದೃಶ್ಯದಲ್ಲಿ ಮುದ್ರಿಸಿ ಸೇರಿಸಬಹುದು. ನೇರ ಚರ್ಚೆಗೆ ತನ್ನದೇ ಆದ ಗುಣವಿದೆ: ಅಧ್ಯಾಪಕರು ಮುಖ ನೋಡಿ ಮಾತನಾಡುತ್ತಾರೆ, ಸಂದೇಹ ಅಲ್ಲಿಯೇ ಬಗೆಹರಿಯುತ್ತದೆ. ಆದಾಗ್ಯೂ ಈ ನಾಲ್ಕು ತಾಲ್ಲೂಕುಗಳ ಸ್ಥಿತಿಗತಿಗೆ ಮುದ್ರಿತ ಚರ್ಚೆಯೇ ಹೆಚ್ಚು ಹೊಂದುತ್ತದೆ ಎಂಬುದು ಈ ಲೇಖನದ ಅಭಿಪ್ರಾಯ. ಕಾರಣಗಳು ಇಂತಿವೆ.

ಮೊದಲನೆಯದು ವೇಳೆ. ಸಂಜೆ 6 ಗಂಟೆಯ ನೇರ ತರಗತಿ ಪಟ್ಟಣದ ಉದ್ಯೋಗಿಗೆ ಅನುಕೂಲ. ಹಳ್ಳಿಯ ಮನೆಯಲ್ಲಿ ಅದು ಹಸು ಕರೆದು ಡೇರಿಗೆ ಹಾಲು ಹಾಕುವ ಹೊತ್ತು. ಕಬ್ಬು ಕಡಿಯುವ, ಆಲೆಮನೆ ನಡೆಯುವ ತಿಂಗಳುಗಳಲ್ಲಿ ದಿನದ ವೇಳಾಪಟ್ಟಿಯೇ ಬೇರೆಯಾಗುತ್ತದೆ. ಮದುವೆಯಾದ ಮೇಲೆ ಓದನ್ನು ಮುಂದುವರಿಸುತ್ತಿರುವ ಹೆಣ್ಣುಮಕ್ಕಳಿಗೆ ರಾತ್ರಿ ಊಟದ ಕೆಲಸ ಮುಗಿದ ಮೇಲೆ ದೊರೆಯುವ ಅರ್ಧ ಗಂಟೆಯೇ ತರಗತಿ.

ಎರಡನೆಯದು ಸಂಪರ್ಕ ಮತ್ತು ದತ್ತಾಂಶದ ಖರ್ಚು. ಇದನ್ನು ಲೆಕ್ಕದಲ್ಲಿಯೇ ನೋಡಬಹುದು. ಸೆಕೆಂಡಿಗೆ 600 ಕಿಲೋಬಿಟ್ ದರದಲ್ಲಿ ನಡೆಯುವ ಸಾಧಾರಣ ಗುಣಮಟ್ಟದ ನೇರ ದೃಶ್ಯ ಸಂಭಾಷಣೆಗೆ ಒಂದು ಗಂಟೆಗೆ ಸುಮಾರು 270 ಮೆಗಾಬೈಟ್ ಬೇಕಾಗುತ್ತದೆ. ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಮುದ್ರಿಸಿದ ಮೂರು ನಿಮಿಷದ ಧ್ವನಿ ಉತ್ತರಕ್ಕೆ ಬೇಕಾಗುವುದು ಸುಮಾರು 720 ಕಿಲೋಬೈಟ್ ಮಾತ್ರ. ಎಂದರೆ ಒಂದು ಗಂಟೆಯ ನೇರ ಚರ್ಚೆಗೆ ತಗಲುವ ದತ್ತಾಂಶದಲ್ಲಿ ಅಂತಹ 375 ಉತ್ತರಗಳನ್ನು ಕಳುಹಿಸಬಹುದು ಅಥವಾ ಕೇಳಬಹುದು. ಮೇಲುಕೋಟೆಯ ಬೆಟ್ಟಸಾಲಿನ ಮರೆಯಲ್ಲಿರುವ, ಅಥವಾ ಮೊಬೈಲ್ ಸಂಕೇತ ಬಂದು ಹೋಗುವ ಊರುಗಳ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ನೇರ ಚರ್ಚೆ ನಡುವೆ ಕಡಿದುಹೋದರೆ ಮಾತು ನಷ್ಟವಾಯಿತು. ಮುದ್ರಿಸಿದ ಉತ್ತರ ಫೋನಿನಲ್ಲಿಯೇ ಇರುತ್ತದೆ. ಸಂಕೇತ ದೊರೆಯುವ ಸ್ಥಳಕ್ಕೆ ಹೋದಾಗ ಕಳುಹಿಸಿದರಾಯಿತು.

ದೃಶ್ಯಮುದ್ರಿಕೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಫೋನಿನ ಕ್ಯಾಮೆರಾವನ್ನು 1080 ಪಿ ಗುಣಮಟ್ಟದಲ್ಲಿಯೇ ಬಿಟ್ಟು ಮುದ್ರಿಸಿದಲ್ಲಿ ನಿಮಿಷವೊಂದಕ್ಕೆ 100 ಮೆಗಾಬೈಟ್ ಮೀರುವುದುಂಟು. 480 ಪಿ ಗುಣಮಟ್ಟ ಚರ್ಚೆಗೆ ಧಾರಾಳವಾಗಿ ಸಾಕು.

ಮೂರನೆಯ ಕಾರಣ ಸಂಕೋಚ. ನೇರ ಚರ್ಚೆಯಲ್ಲಿ ಮೊದಲು ಬಾಯಿ ತೆರೆಯುವವರು ಸಾಮಾನ್ಯವಾಗಿ ಇಂಗ್ಲಿಷ್ ಮಾತು ರೂಢಿಯಿರುವ ನಾಲ್ಕೈದು ಮಂದಿ. ಉಳಿದವರು ಮೌನವಾಗಿರುತ್ತಾರೆ. ಮುದ್ರಿಸುವಾಗ ತಪ್ಪಿದರೆ ಅಳಿಸಿ ಮತ್ತೊಮ್ಮೆ ಹೇಳಬಹುದು. ಎರಡು ಸಲ ಅಳಿಸಿ ಮೂರನೆಯ ಸಲಕ್ಕೆ ಹೇಳಿದ ಮಾತಿನಲ್ಲಿ ವಿಚಾರವೂ ತಿಳಿಯಾಗಿರುತ್ತದೆ.

ಉತ್ತರವನ್ನು ಸಿದ್ಧಪಡಿಸುವ ವಿಧಾನ

ಬಹುಮಾಧ್ಯಮದ ನಿಜವಾದ ಪ್ರಯೋಜನ ತಿಳಿಯಲು ಒಂದು ಉದಾಹರಣೆಯನ್ನು ನೋಡಬಹುದು. ಇತಿಹಾಸ ವಿಷಯದಲ್ಲಿ ಹೊಯ್ಸಳ ವಾಸ್ತುಶಿಲ್ಪದ ಬಗ್ಗೆ ಚರ್ಚೆ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಬರವಣಿಗೆಯ ಚರ್ಚೆಯಲ್ಲಿ "ಕೆತ್ತನೆಗಳು ಅತ್ಯಂತ ಸುಂದರವಾಗಿವೆ" ಎಂಬ ಒಂದೇ ವಾಕ್ಯವನ್ನು ಇಪ್ಪತ್ತು ಮಂದಿ ಇಪ್ಪತ್ತು ಬಗೆಯಲ್ಲಿ ಬರೆಯುತ್ತಾರೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಇದೇ ಚರ್ಚೆಗೆ ಕೃಷ್ಣರಾಜಪೇಟೆ ತಾಲ್ಲೂಕಿನ ವಿದ್ಯಾರ್ಥಿಯೊಬ್ಬರು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಹೋಗಿ, ಆ 13ನೆಯ ಶತಮಾನದ ತ್ರಿಕೂಟ ದೇವಾಲಯದ ತಳಭಾಗದ ಒಂದು ಮೂಲೆಯ ಛಾಯಾಚಿತ್ರ ತೆಗೆದು, "ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆಯಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಇನ್ನೂ ಮೇಲೆ ಬಳ್ಳಿ, ಭಾರ ಹೊರುವ ಆನೆಯನ್ನೇ ಕೆಳಗೆ ಏಕೆ ಇಟ್ಟರು?" ಎಂದು ಒಂದೂವರೆ ನಿಮಿಷ ಮಾತನಾಡಿ ಸೇರಿಸಿದರೆ ಚರ್ಚೆಗೆ ಹಿಡಿಯಲು ಒಂದು ಕೊಂಡಿ ದೊರೆಯುತ್ತದೆ. ಚಿತ್ರವನ್ನು ಮುಂದಿಟ್ಟುಕೊಂಡು ಮಾತನಾಡುವಾಗ "ಸುಂದರವಾಗಿದೆ" ಎಂದಷ್ಟೇ ಹೇಳಿ ಮುಗಿಸಲು ಬರುವುದಿಲ್ಲ. ಎಲ್ಲಿ, ಏನು, ಎಷ್ಟನೆಯ ಸಾಲು ಎಂದು ಹೇಳಲೇಬೇಕಾಗುತ್ತದೆ.

ಇದಕ್ಕೆ ನಾಗಮಂಗಲ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರು ಕಂಬದಹಳ್ಳಿಯ ಪಂಚಕೂಟ ಬಸದಿಯ ಚಿತ್ರವನ್ನು ಸೇರಿಸಬಹುದು. ಗಂಗರ ಕಾಲದ ಆ ಬಸದಿಯ ಹೊರಗೋಡೆಗಳಲ್ಲಿ ಹೊಯ್ಸಳರ ಇಂತಹ ದಟ್ಟ ಪಟ್ಟಿಕೆಗಳಿಲ್ಲ. ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇರಿಸಿದಾಗ, ಕೆಲವು ಶತಮಾನಗಳಲ್ಲಿ ಕಟ್ಟುವ ಕಲೆ ಹೇಗೆ ಬದಲಾಯಿತೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಧ್ಯಾಪಕರು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು ಈ ಚರ್ಚೆಗೆ ಉತ್ತರಿಸಬಹುದು. ಪಠ್ಯದಲ್ಲಿ ಇಲ್ಲದ ಸಾಮಗ್ರಿಯನ್ನು ಒದಗಿಸಿದವರು ಮಾತ್ರ ವಿದ್ಯಾರ್ಥಿಗಳೇ. ಹಳ್ಳಿಯಲ್ಲಿ ಕುಳಿತು ಕಲಿಯುವುದು ಕೊರತೆ ಎಂದೇ ತಿಳಿದಿರುವವರು ಈ ಅಂಶವನ್ನು ಗಮನಿಸಬೇಕು.

ಅರ್ಥಶಾಸ್ತ್ರದ ವಿದ್ಯಾರ್ಥಿಯು ಆಲೆಮನೆಯ ಒಂದು ದಿನದ ಖರ್ಚು ವೆಚ್ಚವನ್ನು ಕೇಳಿ ಬರೆದುಕೊಂಡು, ಆ ಕಾಗದದ ಚಿತ್ರದೊಡನೆ ವಿವರಿಸಬಹುದು. ಭೂಗೋಳದವರಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಗದ್ದೆಗೆ ನೀರು ತಲುಪುವ ಪ್ರಶ್ನೆಯೇ ಒಂದು ವಾರದ ಚರ್ಚೆಯಾಗುತ್ತದೆ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಯನ್ನು ಸುಣ್ಣ ಬೆರೆತ ಸುರ್ಕಿ ಗಾರೆಯಲ್ಲಿ ಕಟ್ಟಿದ್ದೇಕೆ ಎಂಬುದು ವಿಜ್ಞಾನದ ತರಗತಿಗೂ ಒಳ್ಳೆಯ ವಿಷಯ. ಆದರೆ ಅಣೆಕಟ್ಟೆಯ ನಿರ್ಬಂಧಿತ ಪ್ರದೇಶದಲ್ಲಿ ಛಾಯಾಚಿತ್ರ ತೆಗೆಯತಕ್ಕದ್ದಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿಯೂ ಪೂಜೆ ನಡೆಯುವ ದೇವಾಲಯಗಳ ಒಳಭಾಗದಲ್ಲಿಯೂ ಸಿಬ್ಬಂದಿಯನ್ನು ಕೇಳಿಯೇ ಮುಂದುವರಿಯಬೇಕು.

ಮುದ್ರಣದ ಬಗ್ಗೆ ಕೆಲವು ಮಾತು. ಎರಡು ನಿಮಿಷ ಮೀರಿದ ಉತ್ತರವನ್ನು ಸಹಪಾಠಿಗಳು ಪೂರ್ತಿ ಕೇಳುವುದು ಅಪರೂಪ. ಹೇಳಬೇಕಾದ ಮೂರು ಅಂಶಗಳನ್ನು ಕಾಗದದಲ್ಲಿ ಗುರುತು ಮಾಡಿಕೊಂಡು, ಫ್ಯಾನು ಹಾಗೂ ದೂರದರ್ಶನವನ್ನು ನಿಲ್ಲಿಸಿ, ಫೋನನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಮಾತನಾಡುವುದು. ಪೂರ್ತಿ ಬರೆದುಕೊಂಡು ಓದಬಾರದು. ಓದಿದ್ದೆಂಬುದು ಕೇಳಿದೊಡನೆ ತಿಳಿಯುತ್ತದೆ. ಇನ್ನೊಬ್ಬರಿಗೆ ಉತ್ತರಿಸುವಾಗ ಅವರ ಹೆಸರು ಹಿಡಿದು, ಅವರ ಯಾವ ಮಾತಿಗೆ ಉತ್ತರ ಎಂಬುದನ್ನು ಮೊದಲು ಹೇಳುವುದು.

ಭಾಷೆ ಹಾಗೂ ಅಕ್ಷರ

ಕನ್ನಡದಲ್ಲಿ ಉತ್ತರಿಸಲು ಅವಕಾಶವಿದೆಯೇ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ, ಕೋರ್ಸಿನಿಂದ ಕೋರ್ಸಿಗೆ ಬೇರೆಯಾಗುತ್ತದೆ. ಇದನ್ನು ಪ್ರವೇಶಕ್ಕೆ ಮೊದಲೇ ಲಿಖಿತವಾಗಿ ಕೇಳಿ ತಿಳಿಯುವುದು ಒಳ್ಳೆಯದು. ಅವಕಾಶವಿದ್ದಲ್ಲಿ ಮಂಡ್ಯದ ಕಡೆಯ ಆಡುಮಾತಿನಲ್ಲಿ ಮಾತನಾಡಲು ಹಿಂಜರಿಯಬೇಕಾದ ಕಾರಣವಿಲ್ಲ. ವಿಷಯಕ್ಕೆ ಸಂಬಂಧಿಸಿದ ಪಾರಿಭಾಷಿಕ ಪದಗಳು ಸರಿಯಾಗಿದ್ದರೆ ಸಾಕು. "ಐತೆ", "ಬತ್ತದೆ" ಎಂದ ಮಾತ್ರಕ್ಕೆ ಉತ್ತರ ತಪ್ಪಾಗುವುದಿಲ್ಲ.

ಬರೆದು ಸೇರಿಸುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸತಕ್ಕದ್ದು. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಕಡತವನ್ನು ನಕಲು ಮಾಡಿ ಅಂಟಿಸಿದಲ್ಲಿ ಬೇರೆಯವರ ಪರದೆಯಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಸೈಬರ್ ಕೇಂದ್ರಗಳಲ್ಲಿ ಟೈಪ್ ಮಾಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಧ್ವನಿ ಉತ್ತರದ ಕೆಳಗೆ ಎರಡು ಸಾಲಿನ ಬರಹದ ಸಾರಾಂಶವನ್ನೂ, ಚಿತ್ರದ ಕೆಳಗೆ ಅದರ ವಿವರಣೆಯನ್ನೂ ಕೊಡುವುದರಿಂದ ಶ್ರವಣದೋಷ ಹಾಗೂ ದೃಷ್ಟಿದೋಷವುಳ್ಳ ಸಹಪಾಠಿಗಳು ಚರ್ಚೆಯಿಂದ ಹೊರಗುಳಿಯುವುದಿಲ್ಲ. ವಿಕಲಚೇತನ ವಿದ್ಯಾರ್ಥಿಗಳು ತಮಗೆ ಅನುಕೂಲವಾದ ರೂಪದಲ್ಲಿ ಕಲಿಕಾ ಸಾಮಗ್ರಿಯನ್ನು ಕೇಳಲು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಆಧಾರವಿದೆ.

ಬೇರೆಯವರ ಮುಖ, ಬೇರೆಯವರ ಧ್ವನಿ

ಮುದ್ರಿತ ಚರ್ಚೆಯ ಒಂದು ತೊಡಕನ್ನು ಮರೆಮಾಚುವಂತಿಲ್ಲ. ಮಾತು ಗಾಳಿಗೆ ಹೋಗದೆ ಕಡತವಾಗಿ ಉಳಿಯುತ್ತದೆ. ತರಗತಿಗೆಂದು ಹೇಳಿದ್ದನ್ನು ಯಾರಾದರೂ ಹೊರಗೆ ಹಂಚಬಹುದು. ಆದುದರಿಂದ ಸಹಪಾಠಿಯ ಧ್ವನಿ ಅಥವಾ ದೃಶ್ಯವನ್ನು ಅವರ ಒಪ್ಪಿಗೆ ಇಲ್ಲದೆ ಬೇರೆ ಗುಂಪಿಗೆ ಕಳುಹಿಸತಕ್ಕದ್ದಲ್ಲ. ಊರಿನವರನ್ನು ಮಾತನಾಡಿಸಿ ಮುದ್ರಿಸುವಾಗ ಉದ್ದೇಶವನ್ನು ಅವರಿಗೆ ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯುವುದು. ಮಕ್ಕಳ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆ ಬೇಕು. ಮನೆಯ ಒಳಭಾಗ, ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ ಮುಂತಾದವು ದೃಶ್ಯದ ಹಿನ್ನೆಲೆಯಲ್ಲಿ ಕಾಣದಂತೆ ನೋಡಿಕೊಳ್ಳಬೇಕು. ಕ್ಯಾಮೆರಾ ಮುಂದೆ ಬರಲು ಇಚ್ಛಿಸದ ವಿದ್ಯಾರ್ಥಿನಿಯರು ಧ್ವನಿ ಮಾತ್ರದ ಅವಕಾಶವನ್ನು ಕೇಳಬಹುದು. ಹಾಗೆ ಕೇಳುವುದರಲ್ಲಿ ಸಂಕೋಚಪಡುವಂತಹದ್ದೇನೂ ಇಲ್ಲ.

ಅರ್ಜಿ ಸಲ್ಲಿಸುವ ಮುನ್ನ

ಆನ್‌ಲೈನ್ ಹಾಗೂ ದೂರಶಿಕ್ಷಣ ಪದವಿಗಳಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯು.ಜಿ.ಸಿ.) 2020ರ ವಿನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಹೆಸರು, ಕೋರ್ಸಿನ ಹೆಸರು ಹಾಗೂ ಸೇರಬಯಸುವ ವರ್ಷ ಈ ಮೂರೂ ಆಯೋಗದ ದೂರ ಶಿಕ್ಷಣ ಬ್ಯೂರೋ (ಡಿ.ಇ.ಬಿ.) ಜಾಲತಾಣದ ಪಟ್ಟಿಯಲ್ಲಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಿಂದೆ ಇದ್ದ ಮಾನ್ಯತೆ ಮುಂದೆಯೂ ಇರುತ್ತದೆಂದು ತಿಳಿಯಬಾರದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ 2012-13ನೆಯ ಸಾಲಿನ ನಂತರ ನವೀಕರಣಗೊಳ್ಳದೆ 2018ರಲ್ಲಿ ಮತ್ತೆ ದೊರೆತದ್ದನ್ನು ಈ ಭಾಗದ ಅನೇಕ ಕುಟುಂಬಗಳು ಬಲ್ಲವು. ಇಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷೆ, ಔಷಧ ವಿಜ್ಞಾನ, ಕಾನೂನು, ಕೃಷಿ ಮುಂತಾದ ಪದವಿಗಳನ್ನು ಆನ್‌ಲೈನ್ ವಿಧಾನದಲ್ಲಿ ನೀಡಲು ಅನುಮತಿ ಇಲ್ಲ. ಫ್ರಾಂಚೈಸಿ ಕೇಂದ್ರಗಳ ಮೂಲಕ ಪ್ರವೇಶ ನೀಡುವುದಕ್ಕೂ ಅವಕಾಶವಿಲ್ಲ. 2024ರಿಂದ ಪ್ರವೇಶಕ್ಕೆ ಮುನ್ನ ಎ.ಬಿ.ಸಿ. ಗುರುತಿನ ಸಂಖ್ಯೆಯೊಡನೆ ಡಿ.ಇ.ಬಿ. ಗುರುತಿನ ಸಂಖ್ಯೆಯನ್ನೂ ವಿದ್ಯಾರ್ಥಿಯೇ ಪಡೆಯಬೇಕಾಗಿದೆ.

ಮೇಲ್ಕಂಡ ವಿನಿಯಮಗಳಂತೆ ಆನ್‌ಲೈನ್ ಕೋರ್ಸುಗಳಲ್ಲಿ ಅವಧಿಯ ನಡುವಣ ಮೌಲ್ಯಮಾಪನಕ್ಕೆ ಗರಿಷ್ಠ ಶೇ. 30, ಕೊನೆಯ ಪರೀಕ್ಷೆಗೆ ಕನಿಷ್ಠ ಶೇ. 70 ಅಂಕಗಳು. ಚರ್ಚೆಗೆ ಅಂಕವಿದ್ದಲ್ಲಿ ಅದು ಈ 30ರೊಳಗೆ ಬರುತ್ತದೆ. ಆದುದರಿಂದ ಚರ್ಚೆ ನೇರವೋ ಮುದ್ರಿತವೋ, ನೇರವಾದಲ್ಲಿ ವಾರದ ಯಾವ ದಿನ ಮತ್ತು ಯಾವ ವೇಳೆ, ಧ್ವನಿ ಮಾತ್ರದ ಉತ್ತರಕ್ಕೆ ಪೂರ್ಣ ಅಂಕವಿದೆಯೇ, ಸಂಪರ್ಕ ಕಡಿದು ತಡವಾದಲ್ಲಿ ಎಷ್ಟು ದಿನದ ರಿಯಾಯಿತಿ, ಪ್ರಶ್ನೆಗೆ ಅಧ್ಯಾಪಕರ ಉತ್ತರ ಎಷ್ಟು ದಿನದೊಳಗೆ ಬರುತ್ತದೆ ಎಂಬುದನ್ನು ಇ-ಮೇಲ್ ಮೂಲಕ ಕೇಳಿ, ಬಂದ ಉತ್ತರವನ್ನು ಇಟ್ಟುಕೊಳ್ಳುವುದು. ದೂರವಾಣಿಯಲ್ಲಿ ಹೇಳಿದ ಮಾತಿಗೆ ಮುಂದೆ ಆಧಾರವಿರುವುದಿಲ್ಲ. ಸಾಧ್ಯವಾದಲ್ಲಿ ಹಿಂದಿನ ವರ್ಷದ ಒಂದು ಚರ್ಚೆಯನ್ನು ತೋರಿಸುವಂತೆಯೂ ಕೋರಬಹುದು. ತೋರಿಸಲು ಒಂದು ಚರ್ಚೆಯೂ ಇಲ್ಲದ ಸಂಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕಾಲೇಜುಗಳಲ್ಲಿ ಈಗಾಗಲೇ ಓದುತ್ತಿರುವವರು ಸ್ವಯಂ ಕೋರ್ಸುಗಳನ್ನು ತೆಗೆದುಕೊಂಡು ಕ್ರೆಡಿಟ್ ಪಡೆಯಬಹುದು. 2016ರ ವಿನಿಯಮದಲ್ಲಿ ಶೇ. 20 ಇದ್ದ ಈ ಮಿತಿಯನ್ನು 2021ರಲ್ಲಿ ಶೇ. 40ಕ್ಕೆ ಏರಿಸಲಾಯಿತು. ಯಾವ ಕೋರ್ಸಿಗೆ ಕ್ರೆಡಿಟ್ ದೊರೆಯುತ್ತದೆ ಎಂಬುದನ್ನು ತಮ್ಮ ಕಾಲೇಜಿನಲ್ಲಿ ಮೊದಲೇ ವಿಚಾರಿಸಬೇಕು. ಮನೆಯಲ್ಲಿ ಗಣಕಯಂತ್ರ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಹಾಗೂ ಅರಿವು ಕೇಂದ್ರದಲ್ಲಿ ಸೌಲಭ್ಯವಿದೆಯೇ ಎಂದು ನೋಡಬಹುದು. ಓದಲು ಅದು ಅನುಕೂಲ; ಮಾತನಾಡಿ ಮುದ್ರಿಸಲು ಮಾತ್ರ ಬೇರೆ ಜಾಗ ಹುಡುಕಬೇಕಾದೀತು.

ಪ್ರತಿ ಇಟ್ಟುಕೊಳ್ಳುವುದು ಮತ್ತು ದೂರು

ಚರ್ಚಾ ಸಾಧನಗಳು ಶಾಶ್ವತವಲ್ಲ. ವಿದ್ಯಾರ್ಥಿಗಳ ಕಿರು ದೃಶ್ಯ ಚರ್ಚೆಗೆ ಅನೇಕ ದೇಶಗಳಲ್ಲಿ ಬಳಕೆಯಾಗುತ್ತಿದ್ದ ಫ್ಲಿಪ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2018ರಲ್ಲಿ ಖರೀದಿಸಿ, 2024ರ ಜುಲೈನಲ್ಲಿ ಅದರ ಪ್ರತ್ಯೇಕ ಸೇವೆಯನ್ನು ನಿಲ್ಲಿಸಿತು. ಆದುದರಿಂದ ತಾವು ಸಲ್ಲಿಸಿದ ಪ್ರತಿಯೊಂದು ಉತ್ತರದ ಕಡತವನ್ನೂ, ಸಲ್ಲಿಕೆಯಾದ ದಿನಾಂಕ ಮತ್ತು ವೇಳೆ ಕಾಣುವಂತಹ ಪರದೆಯ ಚಿತ್ರವನ್ನೂ ಫಲಿತಾಂಶ ಪ್ರಕಟವಾಗುವವರೆಗೆ ಇಟ್ಟುಕೊಳ್ಳತಕ್ಕದ್ದು. ಸಲ್ಲಿಸಿದ್ದರೂ ಗೈರುಹಾಜರಿ ಎಂದು ನಮೂದಾದಲ್ಲಿ ಇದೇ ದಾಖಲೆ ನೆರವಿಗೆ ಬರುತ್ತದೆ.

ಶುಲ್ಕ ಪಾವತಿಯಲ್ಲಿ ವಂಚನೆಯಾದಲ್ಲಿ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡುವುದು. ಅಂಕ, ಹಾಜರಾತಿ ಅಥವಾ ಸೇವೆಯ ಕೊರತೆಯ ಬಗ್ಗೆ ಮೊದಲು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಲಿಖಿತ ದೂರು ಸಲ್ಲಿಸಬೇಕು. 2023ರ ಯು.ಜಿ.ಸಿ. ವಿನಿಯಮಗಳಂತೆ ಸಮಿತಿಯು ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿ ನೀಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ, ಅದು ಕೈಸೇರಿದ ದಿನದಿಂದ 15 ದಿನಗಳೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ದಿನದ ಲೆಕ್ಕ ತೀರ್ಮಾನದ ಪ್ರತಿ ತಲುಪಿದ ದಿನದಿಂದ ಆರಂಭವಾಗುವುದರಿಂದ ಇ-ಮೇಲ್ ಪೆಟ್ಟಿಗೆಯನ್ನು ಆಗಾಗ ತೆರೆದು ನೋಡುತ್ತಿರಬೇಕು.